ಬಿಳಿ ಟೊಪ್ಪಿಯ ಹುಡುಗ

ಇಸಾಮು ನನ್ನ ಗಂಡನ ಅಣ್ಣ. ನಾನು ಅವನನ್ನು ಕಂಡದ್ದು ಟೇಪಿನಲ್ಲಿ ಮಾತ್ರ. ಅವನಿಗೆ ಹದಿನೇಳಾದ ಬೇಸಿಗೆಯಲ್ಲಿ ನಮ್ಮ ದ್ವೀಪಕ್ಕೆ ಸಿನಿಮಾದವರು ಬಂದಿದ್ದರಂತೆ. ಊರಿನ ಹುಡುಗರನ್ನೆಲ್ಲ ಹಡಗಿನ ಮೇಲೆ ನಿಲ್ಲಿಸಿ, ದಡದ ಕಡೆ ಕೈಬೀಸಿ ಅಂದರಂತೆ. ಬಿಳಿ ಟೊಪ್ಪಿ ಹಾಕಿಕೊಂಡಿದ್ದೇನೆ, ಗುರುತು ಹಿಡಿ ಎಂದು ಅವನು ಅಮ್ಮನಿಗೆ ಹೇಳಿದ್ದ. ಸಿನಿಮಾ ತೆರೆಗೆ ಬರುವ ಮೊದಲೇ ಬಿರುಗಾಳಿಯಲ್ಲಿ ಅವನ ಮೀನುದೋಣಿ ಮಗುಚಿತು.

ಫೋಟೋಗಳಿವೆ. ಆದರೆ ಅವನು ಅಲುಗಾಡುವುದು ಆ ಸಿನಿಮಾದ ಟೇಪಿನಲ್ಲಿ ಮಾತ್ರ. ಓಬೋನ್‌ನಲ್ಲಿ, ಸತ್ತವರು ಮನೆಗೆ ಬಂದುಹೋಗುವ ಆ ದಿನಗಳಲ್ಲಿ, ಅತ್ತೆ ಸೌತೆಕಾಯಿಗೆ ಕಡ್ಡಿ ಚುಚ್ಚಿ ಅವನು ಏರಿ ಬರಲೆಂದು ಒಂದು ಕುದುರೆ ಮಾಡಿಟ್ಟು ಟೇಪು ಹಾಕಿಸುತ್ತಿದ್ದರು. ಬಿಳಿ ಟೊಪ್ಪಿಯ ಹುಡುಗ ಮೊದಲು ಒಂದು ಕೈ ಎತ್ತುತ್ತಿದ್ದ, ಆಮೇಲೆ ತಡೆಯಲಾರದವನಂತೆ ಎರಡನ್ನೂ. ಅಲ್ಲಿ ನಿಲ್ಲಿಸಬೇಕು. ನಿಲ್ಲಿಸಿ ನಿಲ್ಲಿಸಿ ಆ ಜಾಗ ಸವೆದು, ಮುಖದ ಮೇಲೆಲ್ಲ ಗೆರೆ ಹರಿದಾಡುತ್ತಿತ್ತು. ಪಕ್ಕದ ಮನೆಯ ತೋಮೆ ಅಜ್ಜಿ ಪ್ರತಿ ಸಲವೂ ಅವನನ್ನು ಬೈಯುತ್ತಿದ್ದರು: "ನಮಗೆಲ್ಲ ಹಲ್ಲು ಉದುರೋಯ್ತು ಕಣೋ, ನೀನೊಬ್ಬ ಇನ್ನೂ ಹದಿನೇಳಕ್ಕೇ ಅಂಟ್ಕೊಂಡಿದೀಯಲ್ಲ." ಅತ್ತೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಕೊನೆಯ ದಿನ ಬಾಗಿಲಲ್ಲಿ ಬೀಳ್ಕೊಡುಗೆಯ ಬೆಂಕಿ ಹಚ್ಚಿ, ಹೊಗೆಯ ಕಡೆ ಅದೇ ರೀತಿ ಕೈಬೀಸುತ್ತಿದ್ದರು. ಮೊದಲು ಒಂದು, ಆಮೇಲೆ ಎರಡು.

ಈ ವರ್ಷ ಅತ್ತೆಯ ಕಣ್ಣು ಮಂಜಾಗುತ್ತಿದೆ ಎಂದು ಡಾಕ್ಟರು ಹೇಳಿದರು. ಅದೇ ಹೊತ್ತಿಗೆ ಆ ಸಿನಿಮಾ ಹೊಸ ಬಗೆಯ ಡಿಸ್ಕಿನಲ್ಲಿ ಬಂದಿತ್ತು. ಕನ್ನಡಿಯಷ್ಟು ಸ್ಪಷ್ಟವಂತೆ. ನನ್ನ ಗಂಡ ಮೊರಿಯೋ ಆಚೆ ದಡದ ಪಟ್ಟಣಕ್ಕೆ ಹೋಗಿ ಅಗಲದ ಟಿವಿ, ಡಿಸ್ಕಿನ ಯಂತ್ರ ಎರಡನ್ನೂ ತಂದರು. ಹಳೆಯವನ್ನು ಅಂಗಡಿಯವರು ಒಯ್ದರು. ಅಮ್ಮ ಅವನನ್ನು ಒಂದೇ ಒಂದು ಸಲ ಸರಿಯಾಗಿ ನೋಡಲಿ ಎನ್ನುವುದಷ್ಟೇ ಅವರ ಆಸೆ.

ನಾನು ಶಾವಿಗೆ ಬಸಿದು ತಣ್ಣೀರಿಗೆ ಹಾಕುತ್ತಿದ್ದೆ. ಮೊರಿಯೋ ಕರೆದರು. ಕೈ ಒರೆಸಿಕೊಂಡು ಹೋಗಿ ತೋಮೆ ಅಜ್ಜಿಯ ಹಿಂದೆ ಕೂತೆ. ಹಡಗಿನ ಚಕ್ಕೆ ಎದ್ದ ಬಣ್ಣ, ಕಂಬಿಯ ತುಕ್ಕು, ಎಲ್ಲ ಕೈಗೆ ಸಿಗುವಂತಿತ್ತು. ಆಮೇಲೆ ಬಿಳಿ ಟೊಪ್ಪಿಯ ಹುಡುಗ ಬಂದ. ಕೈ ಎತ್ತಿದ. ಮೊರಿಯೋ ನಿಲ್ಲಿಸಿದರು.

ಇಸಾಮುವಿನ ಎಡ ಹುಬ್ಬು ಎರಡು ತುಂಡು. ಚಿಕ್ಕಂದಿನಲ್ಲಿ ಗಾಳದ ಕೊಕ್ಕೆ ಸಿಕ್ಕಿಕೊಂಡು ಆದ ಗಾಯ ಅದು. ಎಲ್ಲ ಫೋಟೋಗಳಲ್ಲೂ ಕಾಣುತ್ತದೆ. ಈ ಹುಡುಗನ ಹುಬ್ಬುಗಳು ಇಡಿಯಾಗಿದ್ದವು. ಬಾಯಿ ಬೇರೆ, ಗಲ್ಲ ಬೇರೆ. ಹಿಂದೆ ಇನ್ನಿಬ್ಬರು ಬಿಳಿ ಟೊಪ್ಪಿಯವರಿದ್ದರು, ಬೇರೆಯವರ ತೋಳಿನ ಮರೆಯಲ್ಲಿ, ಮುಖವಿಲ್ಲದೆ.

ತೋಮೆ ಅಜ್ಜಿ ಈ ಸಲ ಬೈಯಲಿಲ್ಲ. ಅತ್ತೆ ಮಂಡಿಯಲ್ಲೇ ತೆವಳಿ ಟಿವಿಯ ಹತ್ತಿರ ಹೋದರು. ತುಂಬಾ ಹೊತ್ತು ನೋಡಿದರು.

"ಎಷ್ಟು ಚೆನ್ನಾಗಿ ಕಾಣ್ತಾನೋ ಮೊರಿಯೋ. ಹುಬ್ಬಿನ ಗಾಯಾನೂ ಕಾಣ್ತಿದೆ."

"ಹೂಂ ಅಮ್ಮ," ಎಂದು ಮೊರಿಯೋ ಎದ್ದು ಅಂಗಳಕ್ಕೆ ಹೋದರು. ಶಾವಿಗೆ ತಿನ್ನಲೂ ಬರಲಿಲ್ಲ.

ಪಾತ್ರೆ ಒರೆಸಲು ಅತ್ತೆ ನನ್ನ ಪಕ್ಕ ಬಂದು ನಿಂತರು. ನೀನೂ ನೋಡಿದೆಯಲ್ಲ ಎಂದು ಕೇಳಿದರು. ಹೌದೆಂದೆ. ಹಿಂದಿದ್ದ ಇಬ್ಬರಲ್ಲಿ ಒಬ್ಬ ಅವನೇ ಇರಬೇಕು ಎಂದೂ ಹೇಳಿದೆ. ಇರಬಹುದು ಎಂದರು. ಅದೇ ಬಟ್ಟಲನ್ನು ಮತ್ತೆ ಮತ್ತೆ ಒರೆಸಿದರು.

"ಅದಲ್ಲ ಕಣಮ್ಮ. ಇಸಾಮು ಹೇಗೆ ಕೈಬೀಸ್ತಿದ್ದ ಅಂತ ನಂಗೆ ಗೊತ್ತಿತ್ತು. ಟೇಪು ನೋಡ್ತಾ ನೋಡ್ತಾ ಆ ಹುಡುಗ ಬೀಸೋದನ್ನೇ ಇವಂದು ಅಂತ ಇಟ್ಕೊಂಡ್‌ಬಿಟ್ಟೆ. ಈಗ ಅದನ್ನ ತೆಗೆದು ನೋಡಿದ್ರೆ, ಅಡೀಲಿ ಏನೂ ಇಲ್ಲ."

ನಾನು ಬಟ್ಟಲು ಇಸಿದುಕೊಂಡೆ.

ಕೊನೆಯ ದಿನ ಬಾಗಿಲಲ್ಲಿ ಬೆಂಕಿ ಹಚ್ಚಿದೆವು. ಹೊಗೆ ಸಮುದ್ರದ ಕಡೆ ವಾಲಿತು. ಅತ್ತೆ ಒಂದು ಕೈ ಎತ್ತಿದರು. ಅದು ಅರ್ಧಕ್ಕೇ ನಿಂತಿತು, ಯಾರ ಕೈಯೆಂದು ತಿಳಿಯದಂತೆ. ಪಕ್ಕದಲ್ಲಿ ಮೊರಿಯೋ ಅಮ್ಮನನ್ನೇ ನೋಡುತ್ತಿದ್ದರು. ಅತ್ತೆ ಮಗನ ಮುಖ ನೋಡಿ, ಇನ್ನೊಂದು ಕೈಯನ್ನೂ ಎತ್ತಿದರು.