ಕೈ ಊರುವ ಜಾಗ

ಬಣ್ಣದ ವಾಸನೆ, ಹಸಿ ಬಣ್ಣದ್ದು, ಟರ್ಪೆಂಟೈನ್ ಬೆರೆತದ್ದು, ಎಲ್ಲಿಂದ ಬರುತ್ತಿದೆ, ಶಾಮಿಯಾನದ ಕಂಬಕ್ಕೆ ಬಳಿದಿರಬೇಕು, ಅಲ್ಲ, ಕಂಬಕ್ಕೆಲ್ಲ ಬಟ್ಟೆ ಸುತ್ತಿದ್ದಾರೆ, ಶಾಲೆಯ ಧ್ವಜದ ಕಟ್ಟೆಗೆ ಬಳಿದದ್ದು ಸುಣ್ಣ, ಸುಣ್ಣಕ್ಕೆ ಈ ವಾಸನೆಯಿಲ್ಲ — ಗಾಳಿ ಬೀಸಿತು, ವೇದಿಕೆಯ ಪಕ್ಕದಲ್ಲಿ ನನ್ನ ಟ್ಯಾಂಕಿಗೆ, ಯುದ್ಧದ ಟ್ಯಾಂಕಿನ ಮಾದರಿಗೆ, ಹೊದಿಸಿದ್ದ ಬಿಳಿ ಪಂಚೆ ಒಂದು ಗೇಣು ಎದ್ದಿತು, ಮತ್ತೆ ಬಿತ್ತು, ಅಷ್ಟರಲ್ಲೇ ಕಂಡುಬಿಟ್ಟಿತು, ಹಸಿರು, ಹೊಸ ಗೇಟಿನಂಥ ಹಸಿರು, ಬಿಸಿಲು ಬಿದ್ದಲ್ಲಿ ಮಿಂಚಿದ ಹಸಿರು. ನಾನು ಬಳಿದದ್ದು ಹಾಗಿರಲಿಲ್ಲ. ನನ್ನದು ಮಂಕು, ಧೂಳು ಕುಡಿದು ಬಾಡಿದ ಹಸಿರು. ಪಕ್ಕದ ಕುರ್ಚಿಯಲ್ಲಿ ಮುನೇಶಣ್ಣ, ದೊಡ್ಡಮ್ಮನ ಮಗ, ಚಿಂತಾಮಣಿಯಲ್ಲಿ ಗೇಟು ಗ್ರಿಲ್ಲು ಮಾಡುವವನು, ಅವನ ವರ್ಕ್‌ಶಾಪಿನ ಮೂಲೆಯಲ್ಲೇ ನಾನಿದನ್ನು ಕಟ್ಟಿದ್ದು, ಕಾಲ ಮೇಲೆ ಕಾಲು ಹಾಕಿ ಕೂತಿದ್ದಾನೆ, ಉಗುರಿನ ಸಂದಿಯಲ್ಲಿ ಹಸಿರು. ಅಣ್ಣಾ, ಏನಿದು. ಸರ್ಪ್ರೈಸ್ ಕಣಮ್ಮ, ನಿನ್ನೆ ಸಾಯಂಕಾಲ ಗೆಳೆಯರ ಬಳಗದ ರಮೇಶ್‌ಬಾಬು ಬಂದು ನೋಡಿ, ಏನಪ್ಪಾ ಇದು ಗುಜರಿಯಿಂದ ಎತ್ಕೊಂಡ್ ಬಂದಂಗಿದೆ, ಗೆಸ್ಟ್ ಮುಂದೆ ನಮ್ ಮಾನ ಹೋಗುತ್ತೆ ಅಂದ್ರು, ಡಬಲ್ ಕೋಟ್ ಹೊಡ್ದೆ, ಪಂಚೆ ತೆಗೆದಾಗ ನೋಡ್ತಿರು ಹೆಂಗ್ ಮಿಂಚುತ್ತೆ, ನಮ್ ವರ್ಕ್‌ಶಾಪಿಂದ ತುಕ್ಕು ಹಿಡಿದ ಮಾಲು ಆಚೆ ಹೋಗಿದ್ದುಂಟೇನಮ್ಮ.

ತುಕ್ಕು. ತುಕ್ಕಲ್ಲ ಅದು ಎಂದು ಹೇಳಬೇಕಿತ್ತು, ಬಾಯಿ ಬರಲಿಲ್ಲ, ನನ್ನ ಬಾಯಿ ಯಾವಾಗ ಬಂದಿದೆ, ರಾತ್ರಿ ಡೈರಿಯಲ್ಲಿ ಎರಡು ಪುಟ ಬೈಯುತ್ತೇನೆ, ಹಗಲಿನಲ್ಲಿ ತಲೆಯಾಡಿಸುತ್ತೇನೆ. ಅದು ತುಕ್ಕಲ್ಲ, ತುಕ್ಕಿನ ಬಣ್ಣ, ಕಂದು ಕಪ್ಪು ಕಾವಿ ಮೂರನ್ನೂ ಬೆರೆಸಿ, ಹರಿದ ಸ್ಪಂಜಿನ ಚೂರಿನಿಂದ ತಟ್ಟಿ ತಟ್ಟಿ ಕೂರಿಸಿದ್ದು, ಎಲ್ಲೆಂದರಲ್ಲಿ ಅಲ್ಲ, ನೀರು ನಿಲ್ಲುವಲ್ಲಿ ಮಾತ್ರ, ಹೊಗೆಕೊಳವೆಯ ಬಾಯಿಯಲ್ಲಿ ಮಾತ್ರ. ಚಕ್ರಗಳನ್ನು ಲೇತಿನಲ್ಲಿ ಕಡೆಸಿಕೊಂಡು ಬಂದೆ, ಚಕ್ರಗಳ ಮೇಲೆ ಸುತ್ತುವ ಪಟ್ಟಿಯ ಒಂದೊಂದು ಕೊಂಡಿಯನ್ನೂ ತಗಡಿನಿಂದ ಕತ್ತರಿಸಿ ಮೊಳೆ ಪೋಣಿಸಿ ಜೋಡಿಸಿದೆ, ಫಿರಂಗಿ ಹೊತ್ತು ತಿರುಗುವ ತಲೆಯ ಮೇಲೆ ಎರಕದ ಒರಟು ಕಾಣಲೆಂದು ಎಂಸೀಲ್ ಅಂಟು ಬಳಿದು ಹಲ್ಲುಜ್ಜುವ ಬ್ರಷ್ಷಿನಿಂದ ಚುಚ್ಚಿದೆ, ಅಮ್ಮ ಹುಡುಕುತ್ತಿದ್ದಳು, ನನ್ ಬ್ರಷ್ಷೆಲ್ಲೇ, ನನ್ ರಾಗಿ ಜರಡಿ ಎಲ್ಲೇ, ಮದುವೆ ವಯಸ್ಸಿನ ಹುಡುಗಿ ಕಬ್ಬಿಣಕ್ಕೆ ಪೌಡರ್ ಹಾಕ್ಕೊಂಡ್ ಕೂತವ್ಳೆ. ಜರಡಿಯಲ್ಲಿ ನಾನು ಸೋಸಿದ್ದು ಮಣ್ಣು. ಮೊದಲು ನಮ್ಮ ಹಿಪ್ಪುನೇರಳೆ ತೋಟದ ಮಣ್ಣನ್ನೇ ಹಚ್ಚಿದ್ದೆ, ಕೆಂಪಗೆ, ಅಪ್ಪ ನೋಡಿ ನಕ್ಕರು, ಇದೇನಮ್ಮ, ನಮ್ ಟ್ಯಾಂಕು ಕೆಂಚಾರ್ಲಹಳ್ಳಿಗೆ ಬಂದು ಉಳುಮೆ ಮಾಡ್ತಾ, ಅಲ್ಲಿ ಮರುಭೂಮೀಲಿ ಮರಳು ಹಿಂಗಿರಲ್ಲ, ಹುರಿಗಡಲೆ ಹಿಟ್ಟು ಇದ್ದಂಗಿರುತ್ತೆ. ಎಲ್ಲ ತೊಳೆದು ಮತ್ತೆ ಹಚ್ಚಿದೆ. ಅಪ್ಪ ಟ್ಯಾಂಕಿನ ಡ್ರೈವರ್. ಊರಿಗೆ ಬಂದ ಮೇಲೆ ಸೈನ್ಯದ ಮಾತೇ ಆಡದವರು, ಪಾರ್ಶ್ವವಾಯು ಬಡಿದು ಬಲಗೈ ಬಿದ್ದ ಮೇಲಂತೂ ಯಾವ ಮಾತೂ ಇಲ್ಲ, ಗೋಡೆ ನೋಡುತ್ತ ಕೂತಿರುತ್ತಿದ್ದರು, ಆ ಗೋಡೆಯ ಕಡೆಯಿಂದ ಅವರ ಮುಖವನ್ನು ಈಚೆಗೆ ತಿರುಗಿಸಲೆಂದೇ ನಾನು ಇದನ್ನು ಶುರುಮಾಡಿದ್ದು, ಯಾರ ಮೆರವಣಿಗೆಗೂ ಅಲ್ಲ. ಬಿಎಸ್ಸಿ ಮಾಡ್ಕೊಂಡು ಗೇಟ್ ಅಂಗಡೀಲಿ ಏನ್ ಕೆಲಸ ಎಂದರು ಊರವರು, ಎನ್ನಲಿ. ಅಪ್ಪ ಒಂದೊಂದೇ ಮಾತು ಕೊಟ್ಟರು, ಟ್ಯಾಂಕಿನ ಮೈಮೇಲೆ ಹಗ್ಗ ಈ ಕಡೆ, ಸಲಿಕೆ ಆ ಕಡೆ. ಆಮೇಲೊಂದು ದಿನ, ಮುಂದಿನ ಮುಚ್ಚಳ, ಡ್ರೈವರ್ ಇಳಿಯುವ ತೂತಿನ ದುಂಡು ಮುಚ್ಚಳ, ಅದಕ್ಕೆ ಮಂಕು ಹಸಿರು ಬಳಿದು ತೋರಿಸಿದಾಗ, ಇಲ್ಲಿ ಬಣ್ಣ ನಿಲ್ಲಲ್ಲಮ್ಮ ಎಂದರು. ಯಾಕಪ್ಪ. ಕೈ ಊರಿ ಇಳೀಬೇಕಲ್ಲ, ದಿನಾ, ಬೆವರು ಮರಳು ಎರಡೂ ಉಜ್ಜುತ್ವೆ, ಬೆಳ್ಳಿ ಆಗೋಗಿರುತ್ತೆ, ಕತ್ತಲಲ್ಲೂ ಕೈಗೆ ಸಿಕ್ತಿತ್ತು ಆ ಜಾಗ, ನುಣ್ಣಗೆ.

ನುಣ್ಣಗೆ. ಅಷ್ಟು ಉದ್ದದ ಮಾತನ್ನು ಅವರು ಕಾಯಿಲೆಯಾದ ಮೇಲೆ ಆಡಿದ್ದೇ ಅಪರೂಪ. ನಾನು ಎಮರಿ ಪೇಪರಿನಿಂದ ಉಜ್ಜಿದೆ, ಮುಚ್ಚಳದ ಅಂಚಿನಲ್ಲಿ, ಹಸಿರು ಹೋಗಿ ಕೆಳಗಿನ ಕಬ್ಬಿಣ ಕಾಣುವ ತನಕ, ಕನ್ನಡಿಯಾಗುವ ತನಕ, ತುಕ್ಕು ಬಾರದಿರಲೆಂದು ಹೊಲಿಗೆ ಮೆಷಿನ್ನಿನ ಎಣ್ಣೆ ಸವರಿದೆ, ದಿನ ಬಿಟ್ಟು ದಿನ ಸವರಿದೆ, ನಿನ್ನೆ ಬೆಳಿಗ್ಗೆಯೂ ಸವರಿ ಬಂದಿದ್ದೆ. ಇಡೀ ಟ್ಯಾಂಕಿನಲ್ಲಿ ಅದೊಂದೇ ಹೊಳಪು. ಆ ಹೊಳಪನ್ನೂ ಮುಚ್ಚಿ, ಉಳಿದದ್ದನ್ನೆಲ್ಲ ಹೊಳೆಯಿಸಿ, ಮದುವೆಮನೆಯ ಬೀರು ಮಾಡಿಟ್ಟಿದ್ದಾರೆ. ಮೈಕಿನಲ್ಲಿ ರಮೇಶ್‌ಬಾಬು, ಗೆಳೆಯರ ಬಳಗದ ಅಧ್ಯಕ್ಷರು, ನಮ್ಮೂರಿನ ಹೆಮ್ಮೆಯ ಯೋಧರಾದ ಶ್ರೀ ವೆಂಕಟರಾಯಪ್ಪನವರು ಎನ್ನುತ್ತಿದ್ದಾರೆ, ಮೈಕು ಹಿಡಿಯುವ ಮುಂಚೆ ಏ ವೆಂಕಟರಾಯಪ್ಪ ಆ ಕಡೆ ಕೂತ್ಕೋ ಹೋಗು ಎಂದದ್ದನ್ನು ನಾನು ಕೇಳಿಸಿಕೊಂಡಿದ್ದೇನೆ, ಅಪ್ಪ ಹೋಗಿ ತುದಿಯ ಕುರ್ಚಿಯಲ್ಲಿ ಕೂತರು, ಕೋಟಿಗೆ ಪದಕ ಸಿಕ್ಕಿಸಿಕೊಂಡು. ಫ್ಲೆಕ್ಸಿನಲ್ಲಿ ನಿರ್ಮಾಣ ಮುನೇಶ್ ಎಂದಿದೆ, ಇರಲಿ, ನನ್ನ ಹೆಸರು ಬೇಡ ಎಂದವಳು ನಾನೇ, ಸಂಘಮಿತ್ರ ಎಂದು ಕೂಗಿದರೆ ನೂರು ಜನರ ಮುಂದೆ ಎದ್ದು ನಿಲ್ಲಬೇಕಲ್ಲ ಎಂದು. ನಾನು ಕೇಳಿದ್ದು ಒಂದೇ. ಪಂಚೆ ಯಾರಾದರೂ ಸರಿಸಲಿ, ಮುಚ್ಚಳ ಮಾತ್ರ ಅಪ್ಪ ತೆಗೆಯಬೇಕು. ಅದಕ್ಕಾಗಿ ಅವರು ವರ್ಕ್‌ಶಾಪಿಗೆ ಬಂದು ಅಭ್ಯಾಸ ಮಾಡಿದ್ದು, ಆ ಬಲಗೈಯಲ್ಲೇ, ಎಡಗೈ ಬಳಸು ಎಂದರೆ ಕೇಳಲಿಲ್ಲ, ಹೆಬ್ಬೆರಳು ಮೊದಲು ಬಂತು, ಆಮೇಲೆ ಎರಡು ಬೆರಳು, ಹೊಳೆಯುವ ಜಾಗದಲ್ಲಿ ಹೆಬ್ಬೆರಳು ಊರಿ ಮೇಲಕ್ಕೆತ್ತಿದರೆ ಮುಚ್ಚಳ ಎದ್ದು ಪಕ್ಕಕ್ಕೆ ಹೊರಳಬೇಕು, ಹಾಗೆ ಹೊರಳಲೆಂದು ತಿರುಗಣಿಯನ್ನು ಅರದಿಂದ ಎಷ್ಟು ಸಲ ತಿದ್ದಿದ್ದೇನೆ — ತಿರುಗಣಿ — ಅಯ್ಯೋ. ಅಣ್ಣಾ, ಮುಚ್ಚಳ ತೆಗೆದು ಬಳಿದ್ಯಾ. ಯಾವ್ದು, ಮುಂದಿಂದಾ, ಇಲ್ಲ, ಮುಚ್ಚಿದ್ದು ಮುಚ್ಚಿದಂಗೇ ಹೊಡ್ದೆ, ಸಂದಿಗೂ ಚೆನ್ನಾಗಿ ಇಳೀತು, ಇನ್ನ ಒಂದ್ ತೊಟ್ಟು ನೀರು ಹೋಗಲ್ಲ ನೋಡು.

ಒಂದು ತೊಟ್ಟು ನೀರು ಹೋಗುವುದಿಲ್ಲ. ಎಷ್ಟು ಸಂತೋಷದಿಂದ ಹೇಳಿದ, ಬೈಯಲೂ ಆಗದ ಹಾಗೆ, ಪ್ರೀತಿಯಿಂದ ಹಾಳುಮಾಡಿದವರನ್ನು ಏನೆಂದು ಬೈಯುವುದು, ಕೇಳದೆ ಮಾಡುವ ಪ್ರೀತಿ, ಚೆನ್ನಾಗಿ ಕಾಣಲಿ ಎಂಬ ಪ್ರೀತಿ, ಬದುಕಿದ ಗುರುತನ್ನೆಲ್ಲ ಕೊಳೆ ಎಂದು ಒರೆಸುವ ಪ್ರೀತಿ. ಈಗಲೇ ಎದ್ದು ಹೋಗಬೇಕು, ಮೆಟ್ಟಿಲು ಹತ್ತಿ ಅಪ್ಪನ ಕಿವಿಯಲ್ಲಿ ಹೇಳಬೇಕು, ಮುಚ್ಚಳ ಮುಟ್ಟಬೇಡ, ಅಂಟಿಕೊಂಡಿದೆ. ಏಳು ಸಂಘಮಿತ್ರ. ಮುಂದಿನ ಸಾಲು ಪೂರ್ತಿ ಗಂಡಸರು, ನಡುವೆ ಪೊಲೀಸರು, ಎದ್ದರೆ ಎಲ್ಲರೂ ತಿರುಗುತ್ತಾರೆ, ಯಾಕಮ್ಮ ಎನ್ನುತ್ತಾರೆ, ಕಾಲು ಕುರ್ಚಿಗೆ ಅಂಟಿದೆ, ಇದಕ್ಕೂ ಡಬಲ್ ಕೋಟ್. ಚಪ್ಪಾಳೆ. ಪಂಚೆ ಜಾರಿತು. ಓ ಎಂದರು ಜನ, ಏಮಿ ಮೆರುಸ್ತುಂದಮ್ಮಾ ಎಂದಳು ಹಿಂದಿನ ಸಾಲಿನ ಅಜ್ಜಿ ತೆಲುಗಿನಲ್ಲಿ, ಮಿಂಚುತ್ತಿದೆ, ಹೌದು, ಹುರಿಗಡಲೆ ಹಿಟ್ಟಿನ ಮರಳಿಲ್ಲ, ಹೊಗೆಯಿಲ್ಲ, ಎಲ್ಲಿಗೂ ಹೋಗದ ಟ್ಯಾಂಕು, ಯಾರೂ ಇಳಿಯದ ಟ್ಯಾಂಕು. ಈಗ ನಮ್ಮ ವೆಂಕಟರಾಯಪ್ಪನವರು ಟ್ಯಾಂಕಿನ ಮುಚ್ಚಳ ತೆರೆಯಲಿದ್ದಾರೆ. ಅಪ್ಪ ಎದ್ದರು, ಬಲಗಾಲು ಎಳೆಯುತ್ತ, ಅಮ್ಮ ಹೆಂಗಸರ ಸಾಲಿನಿಂದ ನನ್ನ ಕಡೆ ನೋಡಿ ನಗುತ್ತಾಳೆ, ಅಮ್ಮನಿಗೆ ಗೊತ್ತಿಲ್ಲ. ಅಪ್ಪ ಟ್ಯಾಂಕಿನ ಮುಂದೆ ನಿಂತರು, ಹೊಳೆಯುವ ಜಾಗ ಹುಡುಕುತ್ತಿದ್ದಾರೆ, ಹೆಬ್ಬೆರಳು ಊರಿದರು. ಎತ್ತಿದರು. ಏಳಲಿಲ್ಲ. ಮತ್ತೆ ಎತ್ತಿದರು, ಕೋಟಿನ ಪದಕಗಳು ಕಿಣಿಗುಟ್ಟಿದವು. ಪಾಪ, ಕೈಯಲ್ಲಿ ಶಕ್ತಿ ಇಲ್ಲ, ಸ್ಟ್ರೋಕಂತೆ, ಎಂದರು ಯಾರೋ. ಬಿಡಪ್ಪ ವೆಂಕಟರಾಯಪ್ಪ, ಆಗಲ್ಲ ನಿನ್ ಕೈಲಿ, ನಾವ್ ತೆಗೀತೀವಿ, ರಮೇಶ್‌ಬಾಬು ಮೈಕು ಆರಿಸುವುದನ್ನು ಮರೆತಿದ್ದಾರೆ, ಆಗಲ್ಲ ನಿನ್ ಕೈಲಿ ಎಂಬುದು ಶಾಲೆಯ ಗೋಡೆಗೆ ಬಡಿದು ಎರಡೆರಡು ಸಲ ಕೇಳಿಸಿತು, ಅಪ್ಪ ತಮ್ಮ ಕೈಯನ್ನೇ ನೋಡಿಕೊಂಡರು, ಆ ಗೋಡೆ ನೋಡುವ ನೋಟದಲ್ಲಿ, ಇಲ್ಲ, ಆ ನೋಟ ಬೇಡ — ಯಾರದೋ ದನಿ ಕಿರುಚಿತು, ಕರ್ಕಶವಾಗಿ, ಅಪ್ಪಾ, ನಿನ್ ಕೈದಲ್ಲ ತಪ್ಪು, ಬಣ್ಣದ್ದು, ನಿನ್ನೆ ಬಳಿದಿದಾರೆ, ನನ್ನ ಕೇಳದೆ ಬಳಿದಿದಾರೆ, ಅದು ಅಂಟ್ಕೊಂಡಿದೆ, ನಿನ್ ಕೈ ಸರಿಯಾಗೇ ಇದೆ. ನಾನು ನಿಂತಿದ್ದೇನೆ. ನನ್ನ ದನಿ. ಎಲ್ಲ ತಲೆಗಳೂ ತಿರುಗಿವೆ, ಮುನೇಶಣ್ಣ ಸೆರಗು ಎಳೆಯುತ್ತಿದ್ದಾನೆ, ಕೂತ್ಕೊಳೇ ಮಾರಾಯ್ತಿ, ಮುಟ್ಬೇಡಣ್ಣ ನನ್ನ, ಅದನ್ನು ಮಾಡಿದೋಳು ನಾನು, ಇದನ್ನೂ ಕೂಗಿದೆನೇ, ಕೂಗಿರಬೇಕು, ಮುಂದಿನ ಸಾಲಿನವರು ಜಾಗ ಬಿಡುತ್ತಿದ್ದಾರೆ. ಅಪ್ಪ ಮಾತ್ರ ತಿರುಗಲಿಲ್ಲ. ಎತ್ತುವುದನ್ನು ಬಿಟ್ಟಿದ್ದಾರೆ. ರಮೇಶ್‌ಬಾಬು ಅವರ ತೋಳು ಹಿಡಿಯಲು ಬಂದರೆ ಎಡಗೈಯಿಂದ ಸರಿಸಿದರು, ಬಲಗೈಯ ಹೆಬ್ಬೆರಳು ಮುಚ್ಚಳದ ಅಂಚಿನಲ್ಲಿ ಆಡುತ್ತಿದೆ, ಅತ್ತ ಇತ್ತ, ಮೆಲ್ಲಗೆ, ಅಮ್ಮನ ಕೆನ್ನೆಯ ಮಸಿ ಒರೆಸುವ ಹಾಗೆ, ಅಲ್ಲಿ ಎಣ್ಣೆ ಇತ್ತು, ನಿನ್ನೆ ಬೆಳಿಗ್ಗೆ ನಾನೇ ಸವರಿದ್ದೆ, ಬಣ್ಣ ಹಾಲಿನ ಕೆನೆಯಂತೆ ಸುಕ್ಕುಗಟ್ಟಿ ಸರಿಯುತ್ತಿದೆ, ನಿಲ್ಲಲ್ಲಮ್ಮ ಇಲ್ಲಿ ಬಣ್ಣ, ಯಾರೋ ಟವೆಲ್ ಚಾಚಿದರು, ತೆಗೆದುಕೊಳ್ಳಲಿಲ್ಲ, ಬೆರಳು ಹಸಿರು, ಬೆರಳ ಕೆಳಗೆ ಬೆಳ್ಳಿ, ಇನ್ನೂ ಉಜ್ಜುತ್ತಿದ್ದಾರೆ, ಹೊಳೆಯುವ ಹಸಿರಿನ ನಡುವೆ ಬರೀ ಕಬ್ಬಿಣ, ನುಣ್ಣಗೆ, ಕೈ ಊರುವ ಜಾಗ.