ಏಳು ನೀರು

ನನ್ನ ಕೆಲಸ ಬಾಟಲಿ ತೊಳೆಯುವುದು. ಹೀಗೆಂದ ಕೂಡಲೇ ಎದುರಿಗಿದ್ದವರ ಮುಖ ಒಂದು ಥರ ಆಗುತ್ತದೆ, ನನಗೆ ಗೊತ್ತು. ಆಗಲಿ ಬಿಡಿ. ಔಷಧಿ ಕಂಡುಹಿಡಿಯುವ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷದಿಂದ ಗಾಜಿನ ಸಾಮಾನು ತೊಳೆದಿದ್ದೇನೆ. ಹೆಸರಿನ ಹಿಂದೆ ಮುಂದೆ ಉದ್ದುದ್ದ ಅಕ್ಷರ ಅಂಟಿಸಿಕೊಂಡವರೆಲ್ಲ ಅಲ್ಲಿಗೆ ಬಂದು ಹೋಗಿದ್ದಾರೆ. ಅವರಲ್ಲಿ ಒಬ್ಬರಿಗಾದರೂ ಒಂದು ಬೀಕರನ್ನು ನೆಟ್ಟಗೆ ತೊಳೆಯಲು ಬಂದಿದ್ದರೆ ನನ್ನ ಹೆಸರು ಬದಲಾಯಿಸಿ ಕರೆಯಿರಿ.

ನನ್ನ ಪದ್ಧತಿ ಒಂದೇ. ಸೋಪು ಒಂದು ಚಮಚ, ನಲ್ಲಿ ನೀರು ಏಳು ಸಲ, ಆಮೇಲೆ ಬಟ್ಟಿ ಇಳಿಸಿದ ನೀರು ಮೂರು ಸಲ. ಆರನೆಯ ನೀರಿನಲ್ಲಿ ಯಾರಾದರೂ ಮಾತಿಗೆ ಎಳೆದರೆ ಮತ್ತೆ ಒಂದರಿಂದ ಶುರು. ಇದಕ್ಕೇ ಲ್ಯಾಬಿನವರು ನನಗೆ ‘ಏಳುನೀರಮ್ಮ’ ಎಂದು ಹೆಸರಿಟ್ಟಿದ್ದಾರೆ. ಬೆನ್ನ ಹಿಂದೆ ಕರೆಯುತ್ತಾರೆ. ಎದುರಿಗೆ ಕರೆಯುವ ಧೈರ್ಯ ಯಾರಿಗಿದೆ?

ಈ ವರ್ಷ ಬಲಗಣ್ಣಿಗೆ ಪೊರೆ ಬಂತು. ಆಪರೇಷನ್ ಆಗಲೇಬೇಕು, ಹದಿನೈದು ದಿನ ನೀರಿನ ಕೆಲಸ ಮುಟ್ಟಕೂಡದು ಎಂದರು ಕಣ್ಣಿನ ಡಾಕ್ಟರು. ಅಷ್ಟು ದಿನ ನನ್ನ ಜಾಗಕ್ಕೆ ಸೊಸೆಯನ್ನು ಕಳಿಸಿದೆ. ತೊಳೆಯುವ ಕೋಣೆಯಲ್ಲಿ ಇನ್ನೊಂದು ಕಾಯಂ ಕೆಲಸ ಬೇರೆ ಖಾಲಿ ಇತ್ತು. ಲ್ಯಾಬಿನ ಮುಖ್ಯಸ್ಥೆ, ನಾವೆಲ್ಲ ಮೇಡಂ ಅನ್ನುವವರು, “ನಿಮ್ಮ ಸೊಸೆ ಹೇಗೆ ಮಾಡ್ತಾರೆ ನೋಡೋಣ. ಸರಿಹೋದ್ರೆ ನೀವು ವಾಪಸ್ ಬಂದ ವಾರವೇ, ಶುಕ್ರವಾರ, ಅವರಿಗೇ ಆರ್ಡರ್ ಕೊಟ್ಟುಬಿಡ್ತೀನಿ” ಎಂದಿದ್ದರು. ಸೊಸೆ ಎರಡು ವರ್ಷದಿಂದ ಕೆಲಸ ಹುಡುಕಿ ಸುಸ್ತಾಗಿದ್ದಳು. ಒಂದು ಅಂಗಡಿ ಇವಳು ಸೇರಿದ ಮೂರೇ ತಿಂಗಳಿಗೆ ಮುಚ್ಚಿಹೋಯಿತು. ಇನ್ನೊಂದು ಕಡೆ ಬಾಗಿಲಲ್ಲೇ ಬೇಡ ಎಂದರು. ಮೇಡಂ ಹೀಗೆಂದರು ಎಂದು ಕೇಳಿದ ದಿನ ಅಡುಗೆಮನೆಯಲ್ಲಿ ಒಬ್ಬಳೇ ಹಾಡಿಕೊಳ್ಳುತ್ತಿದ್ದಳು. ಅವಳಿಗೂ ರಾಗಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಆದರೂ ನಾನು ತುಟಿ ಪಿಟಕ್ಕೆನ್ನದೆ ಪೂರ್ತಿ ಕೇಳಿದೆ.

ಹದಿನಾರನೆಯ ದಿನ, ಸೋಮವಾರ, ಕೆಲಸಕ್ಕೆ ಹೋದೆ. ಹೊಸ ಕಣ್ಣಿನ ಸಂಭ್ರಮ ಕೇಳಬೇಡಿ. ಗೋಡೆಯ ಬಿರುಕು, ಕಾವಲುಗಾರನ ಮೀಸೆಯ ಬಿಳಿ ಕೂದಲು, ಎಲ್ಲ ಕಾಣುತ್ತಿತ್ತು. ಮೆಟ್ಟಿಲು ಹತ್ತುವಷ್ಟರಲ್ಲಿ ಜಿಂಕೆ ಎದುರಿಗೆ ಓಡಿ ಬಂದಳು. ಜಿಂಕೆ ಎಂದರೆ ನಮ್ಮಲ್ಲಿ ಸಂಶೋಧನೆ ಮಾಡುವ ಹುಡುಗಿ. ನಡೆದಾಡಿದ್ದನ್ನು ನಾನು ನೋಡಿಯೇ ಇಲ್ಲ, ಅದಕ್ಕೇ ಆ ಹೆಸರು.

“ಅಮ್ಮಾ! ಸತ್ತವು! ಎಲ್ಲಾ ಸತ್ತವು!”

“ಥೂ, ಬೆಳಬೆಳಿಗ್ಗೆ ಏನೇ ಇದು ಮಾತು! ಯಾರು ಸತ್ತಿದ್ದು?”

“ಗಡ್ಡೆಯ ಜೀವಕೋಶಗಳಮ್ಮ! ನನ್ನ ಹಳದಿ ಪುಡಿ ಹಾಕಿದ ತಟ್ಟೇಲೆಲ್ಲಾ ಸತ್ತು ಮಲಗಿವೆ!”

ಮೂರು ವರ್ಷದಿಂದ ಆ ಹುಡುಗಿ ಯಾರದೋ ಮೈಯಿಂದ ತೆಗೆದ ಗಡ್ಡೆಯ ಜೀವಕೋಶಗಳನ್ನು ಪುಟ್ಟ ತಟ್ಟೆಗಳಲ್ಲಿ ಸಾಕಿ, ಊಟ ಹಾಕಿ, ಅವುಗಳ ಮೇಲೆ ಒಂದೊಂದೇ ಪುಡಿ ಪ್ರಯೋಗಿಸುತ್ತಿದ್ದಳು. ಯಾವ ಪುಡಿಗೂ ಅವು ಕ್ಯಾರೇ ಅಂದಿರಲಿಲ್ಲ.

“ಹಾಗಾದ್ರೆ ಔಷಧಿ ಸಿಕ್ತು ಅನ್ನು. ನಾಳೆಯಿಂದ ರೋಗಿಗಳಿಗೆ ಕೊಡಬಹುದು” ಎಂದೆ.

“ಅಯ್ಯೋ ಇಲ್ಲಮ್ಮ. ಇದು ಗಾಜಿನೊಳಗಿನ ಪರೀಕ್ಷೆ ಅಷ್ಟೇ. ಜೀವ ಇರೋ ಮೈಯಿಂದ ಹೊರಗೆ. ತಟ್ಟೇಲಿ ಸತ್ತದ್ದು ಮೈಯಲ್ಲೂ ಸಾಯುತ್ತೆ ಅಂತ ಹೇಳೋಕಾಗಲ್ಲ. ಮೈಯಲ್ಲಿ ಹೊಟ್ಟೆ ಇದೆ, ರಕ್ತ ಇದೆ, ಲಿವರ್ ಇದೆ. ಅವೆಲ್ಲ ಸುಮ್ನಿರ್ತವಾ? ಹೊಸದೇನು ಬಂದ್ರೂ ಒಡೆದು, ಸೋಸಿ, ಹೊರಗೆ ಹಾಕ್ತವೆ. ತಟ್ಟೇಲಿರೋ ಕೋಶಕ್ಕೆ ಅವರ್ಯಾರೂ ಇಲ್ಲ. ನಾವು ಏನು ಸುರಿದ್ರೂ ಅದೇ ಗತಿ.”

“ಮತ್ಯಾಕೆ ಈ ಕುಣಿತ?”

“ಇಲ್ಲಿ ಪಾಸಾಗದೆ ಮುಂದಿನ ಬಾಗಿಲೇ ತೆಗೆಯಲ್ವಲ್ಲಮ್ಮ! ಶುಕ್ರವಾರ ಎಲ್ಲರ ಮುಂದೆ ಹೇಳ್ತೀನಿ. ನೀವೂ ಬರ್ಬೇಕು!” ಎನ್ನುತ್ತ ಓಡಿಯೇ ಹೋದಳು.

ನನಗೂ ಖುಷಿಯಾಯಿತು. ಅದೇ ಖುಷಿಯಲ್ಲಿ ತೊಳೆಯುವ ಕೋಣೆಗೆ ಹೋಗಿ ಕಪಾಟು ತೆಗೆದೆ. ಬಾಟಲಿಗಳು ಫಳಫಳ ಹೊಳೆಯುತ್ತಿದ್ದವು. ಪರವಾಗಿಲ್ಲ ಹುಡುಗಿ, ಅಂದುಕೊಂಡು ಒಂದನ್ನು ಕೈಗೆತ್ತಿಕೊಂಡೆ. ತಳದಲ್ಲಿ ಯಾರೋ ನೀಲಿ ಬಣ್ಣದ ಒಂದು ಚುಕ್ಕೆ ಬಳಿದಿದ್ದರು. ಯಾವನ ಕೆಲಸವಪ್ಪ ಇದು ಎಂದು ಬೈದುಕೊಳ್ಳುತ್ತ ಕಿಟಕಿಯ ಬೆಳಕಿಗೆ ಹಿಡಿದೆ. ಗಾಜಿನ ಒಳಮೈಯಲ್ಲಿ ಕಾಮನಬಿಲ್ಲಿನ ಬಣ್ಣದ ಒಂದು ತೆಳು ಪೊರೆ. ಹಳೆಯ ಕಣ್ಣಾಗಿದ್ದರೆ ಕಾಣುತ್ತಲೇ ಇರಲಿಲ್ಲ. ಬಟ್ಟಿ ನೀರು ಹಾಕಿ ಅಲ್ಲಾಡಿಸಿದೆ. ಬುರುಗು ಬಂತು.

ಇನ್ನೊಂದು ತೆಗೆದೆ. ನೀಲಿ ಚುಕ್ಕೆ, ಬುರುಗು. ಮತ್ತೊಂದು. ಅದೂ ಹಾಗೇ. ಜಿಂಕೆ ತನ್ನ ಹಳದಿ ಪುಡಿಯನ್ನು ಕದಡುವುದು ಇದೇ ಕಪಾಟಿನ ಬಾಟಲಿಗಳಲ್ಲಿ. ಪುಡಿ ಹಾಕದೆ ಹೋಲಿಕೆಗೆಂದು ಇಟ್ಟ ತಟ್ಟೆಗಳಿಗೆ ಮಾತ್ರ ಕಂಪನಿಯ ಸೀಲು ಬಾಟಲಿಯಿಂದ ನೇರ ಸುರಿಯುತ್ತಾಳೆ. ಎಂದರೆ ಪುಡಿ ಹೋದಲ್ಲೆಲ್ಲ ಸೋಪೂ ಹೋಗಿದೆ. ಕೋಶಗಳನ್ನು ಕೊಂದದ್ದು ಪುಡಿಯೋ ಸೋಪೋ, ಯಾರಿಗೆ ಗೊತ್ತು?

ಸಂಜೆ ಮನೆಗೆ ಬಂದವಳೇ ಸೊಸೆಯನ್ನು ಕೇಳಿದೆ. “ಎಷ್ಟು ನೀರು ಹಾಕ್ತಿದ್ದೆ ಬಾಟಲಿಗೆ?”

“ಎರಡು, ಅತ್ತೆ.”

“ಏಳು ಅಂತ ಹೇಳಿದ್ನೋ ಇಲ್ವೋ?”

“ಹೇಳಿದ್ರಿ. ಆದ್ರೆ ದಿನಕ್ಕೆ ನೂರಾರು ಬಾಟಲಿ, ಏಳೇಳು ಸಲ ಅಂದ್ರೆ ನೀರು ದಂಡ ಅಲ್ವಾ? ಅದಕ್ಕೇ ಸೋಪು ಒಂದು ಹಿಡಿ ಜಾಸ್ತಿ ಹಾಕಿ ಚೆನ್ನಾಗಿ ಉಜ್ಜಿದೆ. ಹೊಳೀತಿರ್ಲಿಲ್ವಾ? ಮನೇಲೂ ಲೋಟ, ತಟ್ಟೆ ಎರಡೇ ನೀರಲ್ಲಿ ತೊಳೆಯೋದು. ಇಷ್ಟು ವರ್ಷದಲ್ಲಿ ಯಾರಿಗೇನಾಯ್ತು?”

ಮೈಯೆಲ್ಲ ಉರಿದುಹೋಯಿತು. “ನಮಗೆ ಹೊಟ್ಟೆ ಇದೆ, ಲಿವರ್ ಇದೆ ಕಣೇ! ಒಂಚೂರು ಸೋಪು ಒಳಗೆ ಹೋದ್ರೆ ಅವು ನೋಡ್ಕೊಳ್ತವೆ. ತಟ್ಟೇಲಿರೋ ಆ ಬಡಪಾಯಿಗಳಿಗೆ ಯಾರಿದ್ದಾರೆ? ಆ ಗಾಜೇ ಅವುಕ್ಕೆ ಮನೆ, ಮಠ, ಎಲ್ಲಾ. ಆ ಗಾಜು ತೊಳೆಯೋರು ನಾವು!” ಎಂದು ಕೂಗಿದೆ. ಜಿಂಕೆಯ ವಿಷಯವನ್ನೂ ಹೇಳಿದೆ.

ಸೊಸೆಯ ಮುಖ ಬಿಳಿಚಿಕೊಂಡಿತು. “ಹಾಗಾದ್ರೆ ಆ ಕೆಲಸ?” ಎಂದು ಮೆಲ್ಲಗೆ ಕೇಳಿದಳು. ಅವಳು ಎದ್ದು ಹೋಗಿ ಪಾತ್ರೆ ತೊಳೆಯತೊಡಗಿದಳು. ಸದ್ದು ಪಕ್ಕದ ಮನೆಗೂ ಕೇಳಿಸುವಂತಿತ್ತು.

ನಮ್ಮ ಯಜಮಾನರು ಗಡಿಯಾರ ರಿಪೇರಿ ಮಾಡುವವರು. ಭೂತಗನ್ನಡಿಯನ್ನು ಕಣ್ಣಿನಿಂದ ತೆಗೆಯದೆಯೇ ಮಾತಾಡುತ್ತಾರೆ. “ನೀನು ಹೋಗಿ ಹೇಳು. ಊರಿಗೆ ಊರೇ ಏನನ್ನುತ್ತೆ ಗೊತ್ತಾ? ಸೊಸೆಗೆ ಕೆಲಸ ಸಿಗೋದು ಅತ್ತೆಗೆ ತಡ್ಕೊಳ್ಳೋಕಾಗ್ಲಿಲ್ಲ ಅನ್ನುತ್ತೆ” ಎಂದರು.

ಅದೇ ನನ್ನನ್ನು ಚುಚ್ಚಿದ್ದು. ಅವಳನ್ನು ಕರೆದುಕೊಂಡು ಹೋಗಿ ನಿಲ್ಲಿಸಿದವಳೂ ನಾನೇ, ಈಗ ಹೋಗಿ ಅವಳ ಕೆಲಸಕ್ಕೆ ಕಲ್ಲು ಹಾಕುವವಳೂ ನಾನೇ. ಹೇಳದಿದ್ದರೆ? ಸೊಸೆಗೆ ಶುಕ್ರವಾರ ಕೆಲಸ ಸಿಗುತ್ತದೆ. ಜಿಂಕೆ ಎಲ್ಲರ ಮುಂದೆ ನನ್ನ ಮನೆಯ ಸೋಪನ್ನು ಔಷಧಿ ಎಂದು ಹೇಳುತ್ತಾಳೆ. ಇಂದಲ್ಲ ನಾಳೆ ಬೇರೆ ಯಾರೋ ಮಾಡಿ ನೋಡಿ, ಈ ಹುಡುಗಿ ಸುಳ್ಳಿ ಎನ್ನುತ್ತಾರೆ. ಮಂಗಳವಾರವಿಡೀ ಬಾಯಿಗೆ ಬೀಗ ಹಾಕಿಕೊಂಡು, ನೀಲಿ ಚುಕ್ಕೆಯ ಬಾಟಲಿಗಳನ್ನು ಇಳಿಸಿ ಮತ್ತೆ ತೊಳೆಯುತ್ತ ನಿಂತೆ. ಸಂಜೆಯಾದರೂ ಅರ್ಧ ಕಪಾಟು ಹಾಗೇ ಉಳಿದಿತ್ತು. ಜಿಂಕೆ ಎರಡು ಸಲ ಬಾಗಿಲಲ್ಲಿ ಇಣುಕಿ ನಕ್ಕಳು. ಎರಡು ಸಲವೂ ಎಣಿಕೆ ತಪ್ಪಿತು.

ಬುಧವಾರ ಬೆಳಿಗ್ಗೆ ಎದ್ದಾಗಲೇ ನಿರ್ಧಾರ ಮಾಡಿದ್ದೆ. ಊರು ಏನಾದರೂ ಅಂದುಕೊಳ್ಳಲಿ, ಹೇಳಿಬಿಡುವುದೇ ಸರಿ. ಸೀದಾ ಜಿಂಕೆಯ ಕೋಣೆಗೆ ಹೋದೆ. ಬಾಗಿಲು ತಳ್ಳಿದರೆ ಒಳಗೆ ನನ್ನ ಸೊಸೆ! ನನಗಿಂತ ಮುಂಚಿನ ಬಸ್ಸು ಹಿಡಿದು ಬಂದಿದ್ದಾಳೆ. ಮೇಜಿನ ಮೇಲೆ ಎರಡು ಖಾಲಿ ಬಾಟಲಿ ಇಟ್ಟುಕೊಂಡು ನಿಂತಿದ್ದಾಳೆ.

“ಇದು ನಾನು ತೊಳೆದಿದ್ದು, ಅದು ಅತ್ತೆ ತೊಳೆದಿದ್ದು” ಎಂದು ಜಿಂಕೆಗೆ ಹೇಳುತ್ತಿದ್ದಳು. “ಎರಡಕ್ಕೂ ನಿಮ್ಮ ಕೋಶಗಳ ಊಟ ಮಾತ್ರ ಹಾಕಿ. ಪುಡಿ ಬೇಡ. ಆಮೇಲೆ ತಟ್ಟೆಗೆ ಹಾಕಿ ನೋಡಿ. ನನ್ನ ಬಾಟಲೀದು ಹಾಕಿದಲ್ಲಿ ಸತ್ತರೆ, ತಪ್ಪು ನಂದು. ನಾನು ಏಳು ನೀರಲ್ಲಿ ತೊಳೀಲಿಲ್ಲ.”

ಜಿಂಕೆ ಅವಳನ್ನೂ ನನ್ನನ್ನೂ ನೋಡಿದಳು. ಕೈಗವಸು ಹಾಕಿಕೊಂಡಳು.

ಗುರುವಾರ ಬೆಳಿಗ್ಗೆ ಸೂಕ್ಷ್ಮದರ್ಶಕದ ಮುಂದೆ ಮೂರು ಜನ ನಿಂತಿದ್ದೆವು. ನನ್ನ ಬಾಟಲಿಯದು ಹಾಕಿದ ತಟ್ಟೆಯಲ್ಲಿ ಕೋಶಗಳು ಹಾಯಾಗಿ ಹಬ್ಬಿಕೊಂಡಿದ್ದವು. ಸೊಸೆಯದರಲ್ಲಿ ಎಲ್ಲ ಮುದುಡಿ ಸತ್ತಿದ್ದವು. ಜಿಂಕೆ ಸ್ಟೂಲಿನ ಮೇಲೆ ಕುಸಿದು ಕೂತು ಅತ್ತಳು. ಅವಳು ಅಳುವುದನ್ನು ನೋಡಿ ಸೊಸೆಯೂ ಅತ್ತಳು. ನನಗೆ ಅಳು ಬಂದರೆ ಸಿಟ್ಟೂ ಬರುತ್ತದೆ, ಹೀಗಾಗಿ ಇಬ್ಬರಿಗೂ ಬೈದೆ. ಆ ಗಲಾಟೆಗೆ ಮೇಡಂ ಬಂದರು.

ಎಲ್ಲ ಕೇಳಿದ ಮೇಲೆ ಅವರು ಮೊದಲು ತಿರುಗಿದ್ದು ಜಿಂಕೆಯ ಕಡೆಗೆ. “ಹೋಲಿಕೆ ತಟ್ಟೆಗೂ ಅದೇ ಬಾಟಲಿಯಿಂದ ಹಾಕ್ಬೇಕಿತ್ತು. ಅಷ್ಟು ಮಾಡಿದ್ರೆ ಮೊದಲ ದಿನವೇ ಗೊತ್ತಾಗ್ತಿತ್ತು. ಸೋಪಿನ ತಪ್ಪು ಅವರದು, ಇದು ನಿನ್ನದು” ಎಂದರು. ಆಮೇಲೆ ನಿಟ್ಟುಸಿರು ಬಿಟ್ಟು, “ಈಗ ಪುಡಿ ಕದಡಿಟ್ಟ ಬಾಟಲಿಗಳಲ್ಲಿ ಯಾವುದರಲ್ಲಿ ಸೋಪಿತ್ತು, ಯಾವುದರಲ್ಲಿ ಇರ್ಲಿಲ್ಲ ಅಂತ ಹೇಗೆ ಹೇಳೋದು? ಎಲ್ಲಾ ಎಸೀಬೇಕು” ಎಂದರು.

“ಎಸೀಬೇಡಿ ಮೇಡಂ” ಎಂದಳು ಸೊಸೆ, ಮೂಗು ಒರೆಸಿಕೊಳ್ಳುತ್ತ. “ನಾನು ತೊಳೆದಿದ್ದಕ್ಕೆಲ್ಲಾ ತಳದಲ್ಲಿ ನೀಲಿ ಚುಕ್ಕೆ ಇದೆ. ನನ್ನ ಉಗುರಿನ ಬಣ್ಣ. ತೊಳೆದ್ರೂ ಹೋಗಲ್ಲ.”

“ಅದ್ಯಾಕಮ್ಮ ಬಳಿದ್ರಿ?”

ಸೊಸೆ ನನ್ನ ಕಡೆ ಓರೆಗಣ್ಣಿನಲ್ಲಿ ನೋಡಿ ತಲೆ ತಗ್ಗಿಸಿದಳು. “ಅಷ್ಟು ಕಷ್ಟಪಟ್ಟು ಹೊಳೆಯೋ ಹಾಗೆ ಉಜ್ಜಿದ್ದೆ. ಅತ್ತೆ ವಾಪಸ್ ಬಂದು ಇವೆಲ್ಲಾ ನಾನೇ ತೊಳೆದಿದ್ದು ಅಂದುಬಿಟ್ಟರೆ ಅಂತ.”

ಮೇಡಂ ನಕ್ಕರು ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಜಿಂಕೆ ಅಳುತ್ತಲೇ ನಕ್ಕಳು. ನನಗೆ ಸೊಸೆಯ ಕಿವಿ ಹಿಂಡಬೇಕೋ ಬೆನ್ನು ತಟ್ಟಬೇಕೋ ತಿಳಿಯಲಿಲ್ಲ. ಎಂಥ ಘಾಟಿ!

ಜಿಂಕೆ ಓಡಿಹೋಗಿ ಫ್ರಿಜ್ಜಿನಿಂದ ಹಳದಿ ದ್ರಾವಣದ ಬಾಟಲಿಗಳನ್ನು ತಂದು ಒಂದೊಂದೇ ಎತ್ತಿ ತಳ ನೋಡಿದಳು. ಒಟ್ಟು ಏಳು. ಐದಕ್ಕೆ ನೀಲಿ ಚುಕ್ಕೆ. ಎರಡು ಬರೀ ಗಾಜು, ನಾನು ರಜೆ ಹಾಕುವ ಮುಂಚೆ ತೊಳೆದವು. ತನ್ನ ಪ್ರಯೋಗದ ಪುಸ್ತಕದಲ್ಲಿ ಆ ಎರಡರ ಪುಟ ಹುಡುಕಿ ಓದಿದವಳು ಹಾಗೇ ನಿಂತುಬಿಟ್ಟಳು.

“ಇವೆರಡನ್ನ ಕೆಟ್ಟುಹೋಗಿದೆ ಅಂತ ಪಕ್ಕಕ್ಕೆ ಹಾಕಿದ್ದೆ” ಎಂದಳು. “ಇವುಗಳಲ್ಲಿ ಕೋಶ ಸಾಯ್ಲೇ ಇಲ್ಲ. ಆದ್ರೆ ಬೆಳೀಲೂ ಇಲ್ಲ ಮೇಡಂ. ಮೂರು ದಿನ ಇದ್ದಷ್ಟೇ ಇದ್ದವು. ಎರಡರಲ್ಲೂ! ಅದು ಪುಡಿಯದೇ ಕೆಲಸ ಇರ್ಬೇಕು!”

ಮೇಡಂ ಪುಸ್ತಕವನ್ನು ಕಸಿದುಕೊಂಡು ನೋಡಿದರು. “ಎರಡು ಸಲ ಅಂದ್ರೆ ಏನೂ ಅಲ್ಲ. ಅದೂ ಗಾಜಿನೊಳಗೆ. ಇಪ್ಪತ್ತು ಸಲ ಮಾಡು, ಸರಿಯಾದ ಹೋಲಿಕೆ ಇಟ್ಟು ಮಾಡು” ಎಂದರು. ಬಾಯಲ್ಲಿ ಬೈಗುಳ, ಕಣ್ಣಲ್ಲಿ ಮಾತ್ರ ಬೇರೆಯೇ ಇತ್ತು. “ನಾಳೆ ಎಲ್ಲರ ಮುಂದೆ ಸೋಪಿನ ಕತೇನೂ ಹೇಳಬೇಕು, ಒಂದಕ್ಷರ ಬಿಡದೆ.”

“ಹೇಳ್ತೀನಿ” ಎಂದಳು ಜಿಂಕೆ.

ಸೊಸೆ ಮೆಲ್ಲಗೆ ಬಾಗಿಲ ಕಡೆ ಹೊರಟಳು. ಮೇಡಂ ತಡೆದರು. ಆಮೇಲೆ ನನ್ನ ಕಡೆ ತಿರುಗಿ, “ನೀವೇ ಹೇಳಿ. ನಿಮ್ಮ ಪಕ್ಕದಲ್ಲಿ ಕೆಲಸ ಮಾಡಬೇಕಾದವರು. ಇವರನ್ನ ಇಟ್ಕೊಳ್ಲಾ, ಬೇಡ್ವಾ?” ಎಂದು ಕೇಳಿದರು.

ಸೊಸೆ ನೆಲ ನೋಡುತ್ತಿದ್ದಳು. ಅವಳ ಉಗುರಿನ ನೀಲಿ ಬಣ್ಣ ಅರ್ಧಕ್ಕರ್ಧ ಕಿತ್ತುಹೋಗಿತ್ತು.

“ಏಳು ನೀರಲ್ಲಿ ತೊಳೆಯೋದನ್ನ ನಾನು ಕಲಿಸ್ತೀನಿ ಮೇಡಂ, ಕಿವಿ ಹಿಂಡಿಯಾದ್ರೂ ಕಲಿಸ್ತೀನಿ” ಎಂದೆ. “ಆದ್ರೆ ಕೆಲಸ ಹೋಗುತ್ತೆ ಅಂತ ಗೊತ್ತಿದ್ದೂ ತಾನಾಗೇ ಬಂದು ಹೇಳಿದಳಲ್ಲ, ಅದು ನನಗೇ ಎರಡು ದಿನ ಬಾಯಿಗೆ ಬರ್ಲಿಲ್ಲ. ಅದನ್ನ ಅವಳೇ ನನಗೆ ಕಲಿಸಬೇಕು. ಇಟ್ಕೊಳ್ಳಿ.”

ಶುಕ್ರವಾರ ಜಿಂಕೆ ಎಲ್ಲರ ಮುಂದೆ ಸೋಪಿನ ಕತೆ ಹೇಳಿದಳು. ಸಭೆಗೆ ಸಭೆಯೇ ನಕ್ಕಿತು, ಆಮೇಲೆ ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿನಲ್ಲಿ ನಾವಿಬ್ಬರೂ ಅಕ್ಕಪಕ್ಕ ಕೂತಿದ್ದೆವು. ಸೊಸೆಯ ಆರ್ಡರು ಅವಳ ಬ್ಯಾಗಿನಲ್ಲಿತ್ತು. ಹತ್ತು ನಿಮಿಷಕ್ಕೊಮ್ಮೆ ಬ್ಯಾಗು ತೆರೆದು ನೋಡುತ್ತಿದ್ದಳು.

ಅವತ್ತು ಸಂಜೆ ಮನೆಯಲ್ಲಿ ಟೀ ಕುಡಿದು ಕೂತಿದ್ದೆ. ಅಡುಗೆಮನೆಯಿಂದ ನೀರಿನ ಸದ್ದು ನಿಲ್ಲುವ ಹಾಗೇ ಕಾಣಲಿಲ್ಲ. ಹೋಗಿ ನೋಡಿದರೆ ಸೊಸೆ ನಲ್ಲಿ ಪೂರ್ತಿ ತಿರುಗಿಸಿಕೊಂಡು ನನ್ನ ಟೀ ಲೋಟ ತೊಳೆಯುತ್ತಿದ್ದಾಳೆ. “ನಾಲ್ಕು... ಐದು...”

“ಏ, ನಿಲ್ಲಿಸೇ! ತೊಟ್ಟಿ ಖಾಲಿಯಾಗುತ್ತೆ!” ಎಂದು ಕಿರುಚಿದೆ. “ಅದರಲ್ಲಿ ಕುಡಿಯೋದು ನಾನು. ನನಗೆ ಗಟ್ಟಿಮುಟ್ಟಾದ ಲಿವರ್ ಇದೆ, ಎರಡು ನೀರು ಸಾಕು!”

“ಮಾತಾಡಿಸಿಬಿಟ್ರಿ ಅತ್ತೆ” ಎಂದಳು ಸೊಸೆ, ತಿರುಗಿಯೂ ನೋಡದೆ. “ಮತ್ತೆ ಒಂದರಿಂದ ಶುರು.”