ಕಾಲು ತಾಗಬಾರದ ಡಬ್ಬಿ

ನನ್ನ ಗಂಡ ಅಂಜನ್ ಕುಮಾರ್‌ಗೆ ಗಿಟಾರ್ ಬಾರಿಸಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ದಾವಣಗೆರೆ ಪಕ್ಕದ ಆವರಗೆರೆಯ ನಮ್ಮ ಮನೆಗೆ ಬಂದವರೆಲ್ಲ ಹಾಲ್‌ನ ಮೂಲೆಯಲ್ಲಿರುವ ಗಿಟಾರ್ ನೋಡಿ, ಒಂದು ಹಾಡು ಬಾರಿಸಿ ಎಂದು ಗಂಟು ಬೀಳುತ್ತಾರೆ. ಇವರು ದಪ್ಪ ತಂತಿಯನ್ನು ಒಮ್ಮೆ ಮೀಟಿ, ತಲೆ ಓರೆ ಮಾಡಿ ಕೇಳಿಸಿಕೊಂಡು, ಗಿಟಾರನ್ನು ಮತ್ತೆ ಮೂಲೆಗೆ ಒರಗಿಸುತ್ತಾರೆ. ನಾನು ಚಹಾ ಕೊಟ್ಟು ಮಾತು ಬದಲಿಸುತ್ತೇನೆ.

ಇವರ ಹುಚ್ಚು ಗಿಟಾರಿನದಲ್ಲ, ಪೆಡಲ್‌ನದು. ಗಿಟಾರಿಗೂ ಸ್ಪೀಕರಿಗೂ ನಡುವೆ ನೆಲದ ಮೇಲೆ ಕೂರುವ ಸಣ್ಣ ಪೆಟ್ಟಿಗೆ ಅದು. ಬಾರಿಸುವವರು ಕಾಲಿನಿಂದ ಅದರ ಗುಂಡಿ ಒತ್ತಿದರೆ ಗಿಟಾರಿನ ದನಿ ಬದಲಾಗುತ್ತದೆ. ಒಂದು ಪೆಡಲ್ ದನಿಯನ್ನು ಬಾವಿಯೊಳಗೆ ಇಳಿಸುತ್ತದೆ, ಇನ್ನೊಂದು ನಡುಗಿಸುತ್ತದೆ, ಇವರಿಗೆ ಪ್ರೀತಿಯಾದದ್ದು ಹರಿದು ಹಾಕುತ್ತದೆ. ಹರಿದದ್ದರಲ್ಲಿ ಏನು ಚೆಂದವೋ ದೇವರೇ ಬಲ್ಲ. ಹರಿಹರದ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಸೂಪರ್‌ವೈಸರ್ ಆಗಿರುವ ಈ ಮನುಷ್ಯ, ಸಂಜೆ ಮನೆಗೆ ಬಂದು ಮಂಡಕ್ಕಿ ತಿಂದು ಕೈ ತೊಳೆದನೆಂದರೆ, ಊಟದ ಟೇಬಲ್ ಮೇಲೆ ಸೋಲ್ಡರಿಂಗ್ ಕಡ್ಡಿ ಹಿಡಿದು ಕೂರುತ್ತಾನೆ. ಮದುವೆಯಾದಾಗಿನಿಂದ ನಮ್ಮ ಮನೆಯ ಸಾರಿಗೂ ಆ ಹೊಗೆಗೂ ಒಂದೇ ವಾಸನೆ.

ದಾವಣಗೆರೆ, ಹರಿಹರದ ಆರ್ಕೆಸ್ಟ್ರಾದವರೆಲ್ಲ ಕೆಟ್ಟ ಪೆಡಲ್‌ಗಳನ್ನು ಇವರ ಹತ್ತಿರ ತರುತ್ತಾರೆ. ಒಂದರೊಳಗೆ ಜಿರಳೆಗಳು ಸಂಸಾರ ಹೂಡಿದ್ದವು. ಇನ್ನೊಂದನ್ನು ಯಾರೋ ಫೆವಿಕ್ವಿಕ್ ಸುರಿದು ರಿಪೇರಿ ಮಾಡಿದ್ದರು. ಇವರು ಎಲ್ಲವನ್ನೂ ಬಿಚ್ಚಿ, ಊದಿ, ಬೆಸೆದು, ಮುಚ್ಚುತ್ತಾರೆ. ಕೊನೆಗೆ ಒಂದು ಸ್ಕ್ರೂ ಉಳಿದಿರುತ್ತದೆ, ಆದರೂ ಪೆಡಲ್ ಕೆಲಸ ಮಾಡುತ್ತದೆ. ಆದರೆ ತಾನೇ ಕೈಯಾರೆ ಕಟ್ಟಿದ ಪೆಡಲ್ ಒಂದು ಸಲವಾದರೂ ವೇದಿಕೆಯ ಮೇಲೆ ಕೇಳಬೇಕು ಎನ್ನುವುದು ಇವರ ಆಸೆ. ಬಾಯಿಬಿಟ್ಟು ಹೇಳಿದವರಲ್ಲ. ಕಟ್ಟಿದ್ದನ್ನೆಲ್ಲ ಒರೆಸಿ ಒರೆಸಿ ಬೀರುವಿನಲ್ಲಿ ಜೋಡಿಸುವುದನ್ನು ನೋಡಿದರೆ ಯಾರಿಗಾದರೂ ತಿಳಿಯುತ್ತದೆ.

ಪೆಡಲ್‌ಗೆ ಲೋಹದ ಪೆಟ್ಟಿಗೆಯೇ ಬೇಕು. ಇಲ್ಲದಿದ್ದರೆ ಗಿಟಾರಿಗಿಂತ ಮೊದಲು ಕರೆಂಟೇ ಗುಂಯ್ ಎಂದು ಹಾಡುತ್ತದೆಯಂತೆ. ಹೋದ ವರ್ಷ ನಾನು ಗೃಹಪ್ರವೇಶಕ್ಕೆಂದು ಕುಕ್ಕುವಾಡಕ್ಕೆ ಹೋಗಿದ್ದಾಗ ಇವರ ಕಣ್ಣು ನನ್ನ ಅಡುಗೆಮನೆಯ ಮೇಲೆ ಬಿತ್ತು. ಬಂದು ನೋಡುತ್ತೇನೆ, ಸಕ್ಕರೆ ಪ್ಲಾಸ್ಟಿಕ್ ಕವರಿನಲ್ಲಿದೆ, ಸಕ್ಕರೆಯ ಸ್ಟೀಲ್ ಡಬ್ಬಿಗೆ ಮೈತುಂಬ ತೂತು, ಮುಚ್ಚಳದ ಮೇಲೊಂದು ಗುಂಡಿ. ಅದು ನನ್ನ ಸೋದರತ್ತೆ ಉಡಚಮ್ಮ ಮದುವೆಗೆ ಮುಯ್ಯಿ ಮಾಡಿದ ಡಬ್ಬಿ. ನಮ್ಮ ಕಡೆ ಹೆಸರು ಕೆತ್ತಿಸದೆ ಯಾರೂ ಪಾತ್ರೆ ಕೊಡುವುದಿಲ್ಲ. ಸಕ್ಕರೆ ತೆಗೆದಾಗಲೆಲ್ಲ ಕೊಟ್ಟವರ ನೆನಪಾಗಲಿ ಎಂದು. ಮುಚ್ಚಳದ ಮೇಲೆ, ಗುಂಡಿಯ ಸುತ್ತ, ಚುಕ್ಕೆ ಚುಕ್ಕೆ ಅಕ್ಷರದಲ್ಲಿ 'ಉಡಚಮ್ಮ, ಮಲೆಬೆನ್ನೂರು' ಎಂದು ಚೆನ್ನಾಗಿ ಓದಲು ಬರುತ್ತಿತ್ತು. ನಾನು ವಾರಗಟ್ಟಲೆ ಮಾತು ಬಿಟ್ಟೆ. ಇವರಿಗೆ ಅದು ಗೊತ್ತಾಗಲು ಕೆಲವು ದಿನ ಹಿಡಿಯಿತು.

ಹರಿಹರದ ರವಿಚಂದ್ರ ಎಂಬ ಹುಡುಗ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುತ್ತಾನೆ. ತನ್ನ ವಿದೇಶಿ ಪೆಡಲ್ ರಿಪೇರಿಗೆ ಕೊಟ್ಟವನು, ಅದು ಸರಿಯಾಗುವ ತನಕ ಈ ಡಬ್ಬಿ ಒಯ್ದ. ಮರುವಾರ ಬಂದು, ಸರ್, ನನ್ನದು ನಿಮ್ಮ ಹತ್ತಿರವೇ ಇರಲಿ, ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಈ ಡಬ್ಬಿಯನ್ನೇ ಬಾರಿಸುತ್ತೇನೆ ಎಂದ. ಆ ದಿನ ಇವರು ಊಟಕ್ಕೆ ಕೂತು ಅನ್ನ ಕಲಸುತ್ತಲೇ ಇದ್ದರು, ತಿನ್ನಲಿಲ್ಲ. ಹೊಸ ಶರ್ಟು ಹೊಲಿಯಲು ಹಾಕಿದರು. ನೀವೇನು ವೇದಿಕೆ ಹತ್ತುತ್ತೀರಾ ಎಂದು ನಾನು ಚುಚ್ಚಿದೆ. ಗ್ರೂಪ್ ಫೋಟೋದಲ್ಲೂ ಇನ್ನೊಬ್ಬರ ಬೆನ್ನ ಹಿಂದೆ ನಿಲ್ಲುವ ಮನುಷ್ಯ ಇವರು. ಇಲ್ಲಪ್ಪ, ಕೆಳಗೆ ಕೂತು ಕೇಳಬೇಕು ಎಂದರು.

ರಾಜ್ಯೋತ್ಸವದ ದಿನ ಮಧ್ಯಾಹ್ನ ಊಟ ಮುಗಿದಿತ್ತು. ಇವರು ಹೊಸ ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದಾಗ ರವಿಚಂದ್ರನ ಫೋನು ಬಂತು. ಡಬ್ಬಿ ಇಲ್ಲ. ಅವನ ತಾಯಿ ತಿಪ್ಪಮ್ಮ, ಮಗ ಮನೆಯಲ್ಲಿ ಅಭ್ಯಾಸ ಮಾಡುವುದನ್ನು ನೋಡಿ ವಾರದಿಂದ ಒಳಗೊಳಗೇ ಕುದಿಯುತ್ತಿದ್ದಳಂತೆ. ತಿನ್ನುವ ಪದಾರ್ಥ ಇಡುವ ಡಬ್ಬಿ, ಅದರ ಮೇಲೆ ಯಾರೋ ಹಿರಿಯ ಹೆಣ್ಣುಮಗಳ ಹೆಸರು, ಅದರ ಮೇಲೆ ಇವನ ಕಾಲು. ಇವನು ಯಾರದೋ ಡಬ್ಬಿ ತಂದು ತೂತು ಹೊಡೆದಿದ್ದಾನೆ ಎಂದು ಆಕೆ ತೀರ್ಮಾನಿಸಿದಳು. ಬೆಳಿಗ್ಗೆ ಮಗ ಸ್ನಾನಕ್ಕೆ ಹೋದಾಗ ಇಕ್ಕಳ ಹಿಡಿದು ಒಳಗಿನದನ್ನೆಲ್ಲ ಕಳಚಿ ಕವರಿಗೆ ಹಾಕಿದಳು. ಡಬ್ಬಿಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಇನ್ನೊಬ್ಬರ ಪಾತ್ರೆ ಖಾಲಿ ಹಿಂದಿರುಗಿಸಬಾರದಲ್ಲ, ತೂತುಗಳಿಗೆ ಒಳಗಿನಿಂದ ಬಾಳೆಎಲೆ ಇಟ್ಟು ಕರ್ಜಿಕಾಯಿ ತುಂಬಿ, ಪಕ್ಕದ ಮನೆಯವರಿಗೆ ಹೇಳಿ, ಕ್ಷಮೆ ಕೇಳಿ ಬರಲು ಮಲೆಬೆನ್ನೂರಿನ ಬಸ್ ಹತ್ತಿದಳು. ಬಸ್ ಸ್ಟ್ಯಾಂಡಿನಲ್ಲಿ ಕೇಳಿದರೆ ಹಿಟ್ಟಿನ ಗಿರಣಿಯ ಉಡಚಮ್ಮನ ಮನೆ ಯಾರಾದರೂ ತೋರಿಸುತ್ತಾರೆ.

ಇವರು ಇಸ್ತ್ರಿಪೆಟ್ಟಿಗೆಯನ್ನು ಶರ್ಟಿನ ಮೇಲೆಯೇ ಬಿಟ್ಟು ನನ್ನ ಮುಖ ನೋಡಿದರು. ಅಷ್ಟರಲ್ಲಿ ನನಗೂ ಫೋನು ಬಂತು, ಮಲೆಬೆನ್ನೂರಿನಿಂದ. ಅತ್ತೆ.

"ಲತಾ, ನಿನ್ನ ಗಂಡನ್ನ ಕರ್ಕಂಡು ಬಾ," ಎಂದಳು. ಫೋನಿಟ್ಟಳು.

ತೋಳಿನ ಮೇಲೆ ಇಸ್ತ್ರಿಪೆಟ್ಟಿಗೆಯ ಅಚ್ಚು ಬಿದ್ದ ಶರ್ಟನ್ನೇ ತೊಟ್ಟು ಇವರು ಸ್ಕೂಟರ್ ಹತ್ತಿದರು. ಹರಿಹರದಲ್ಲಿ ರವಿಚಂದ್ರನಿಂದ ಕವರು ಇಸಿದುಕೊಂಡು ಮಲೆಬೆನ್ನೂರಿನ ದಾರಿ ಹಿಡಿದೆವು. ಗದ್ದೆಯಿಂದ ಬರುವ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡಾಗಲೆಲ್ಲ ಇವರು ಗಡಿಯಾರ ನೋಡುತ್ತಿದ್ದರು. ನಾನು ಕವರನ್ನು ಕೂಸಿನ ಹಾಗೆ ಎದೆಗೆ ಅವಚಿಕೊಂಡು, ಅತ್ತೆಗೆ ಹೇಳಬೇಕಾದ ಸುಳ್ಳನ್ನು ಹೊಸೆಯುತ್ತಿದ್ದೆ. ಒಂದೂ ಒಪ್ಪವಾಗಿ ಬರಲಿಲ್ಲ.

ಅತ್ತೆ ಜಗುಲಿಯ ಮೇಲೆ ಡಬ್ಬಿಯನ್ನು ತೊಡೆಯಲ್ಲಿಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ತಿಪ್ಪಮ್ಮ. ಇಬ್ಬರೂ ಕರ್ಜಿಕಾಯಿ ತಿನ್ನುತ್ತಿದ್ದರು. ಬೆಳಿಗ್ಗೆ ತನಕ ಪರಿಚಯವೇ ಇಲ್ಲದವರು ಒಟ್ಟಿಗೆ ಬೆಳೆದವರ ಹಾಗೆ ನಮ್ಮನ್ನು ದುರುಗುಟ್ಟಿ ನೋಡಿದರು. ತೂತು ಹೊಡೆದವನು ತನ್ನ ಮಗನಲ್ಲ, ಇವರು ಎಂದು ತಿಳಿದ ಮೇಲೆ ತಿಪ್ಪಮ್ಮನ ಬೆನ್ನು ಇನ್ನಷ್ಟು ನೆಟ್ಟಗಾಯಿತು.

"ನನ್ನ ಹೆಸರಿನ ಮ್ಯಾಲೆ ಕಾಲಿಡಾಕೆ ಕೊಟ್ಟಿದ್ನೇನಪ್ಪ ಇದನ್ನ?" ಎಂದು ಅತ್ತೆ ಇವರನ್ನೇ ಕೇಳಿದಳು.

ನಾನು ಹೊಸೆದ ಸುಳ್ಳನ್ನು ಹೊರಗೆ ತೆಗೆಯುವಷ್ಟರಲ್ಲಿ ಇವರು ಬಾಯಿ ಬಿಟ್ಟರು. "ಮನೇಲಿರೋ ಡಬ್ಬಿ ಎಲ್ಲ ತಟ್ಟಿ ನೋಡಿದೆ ಅತ್ತೆ. ಬ್ಯಾರೇವೆಲ್ಲ ತಗಡು. ಗಟ್ಟಿ ಇರೋದು ಇದೊಂದೇ. ಇದ್ರಾಗೆ ಹಾಕಿದ್ರೆ ಒಂಚೂರೂ ಗುಂಯ್ ಅನ್ನಲ್ಲ."

ಇವರಿಗೆ ಮುಖಸ್ತುತಿ ಮಾಡಲು ಬರುವುದಿಲ್ಲ. ನನ್ನನ್ನೇ ಇಂದಿಗೂ ಹೊಗಳಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು, ಅದು ಅತ್ತೆಗೆ ನಾಟಿತು. ಆಕೆ ಡಬ್ಬಿಯನ್ನು ಬೆರಳಿನಿಂದ ತಟ್ಟಿ ನೋಡಿದಳು. ಅಂಗಡಿಯವನು ಹಗುರದ್ದು ತೋರಿಸಿದ್ದನೆಂದೂ, ತಾನು ಜಗಳ ಮಾಡಿ ಒಳಗಿನಿಂದ ಇದನ್ನು ತೆಗೆಸಿದ್ದೆಂದೂ ತಿಪ್ಪಮ್ಮನಿಗೆ ಹೇಳಿದಳು. ಇವರು ಮೆಟ್ಟಿಲ ಮೇಲೆ ನಿಂತೇ ಇದ್ದರು. ಇಷ್ಟು ವರ್ಷ ಹೊಗೆ ಕುಡಿದದ್ದಕ್ಕೆ ಇದೊಂದು ಸಂಜೆ ಸಿಕ್ಕಿದೆ, ಅದೂ ಹೋಗುತ್ತದೇನೋ ಎನ್ನಿಸಿತು. ಅತ್ತೆ, ಕೊಟ್ಟುಬಿಡು ಎಂದೆ. ಡಬ್ಬಿಯ ಸಲುವಾಗಿ ಮಾತು ಬಿಟ್ಟವಳೂ ನಾನೇ.

"ತಗಂಡು ಹೋಗ್ರಿ. ಆದ್ರೆ ಕಾಲು ತಾಗಬಾರ್ದು. ಕೈಲಿ ಒತ್ತಬೇಕು."

ಬಾರಿಸುವಾಗ ರವಿಚಂದ್ರನ ಎರಡೂ ಕೈ ಗಿಟಾರಿನ ಮೇಲಿರುತ್ತವೆ, ಅದಕ್ಕೇ ಕಾಲಿನ ಗುಂಡಿ ಎಂದು ಇವರು ಬಿಡಿಸಿ ಹೇಳಿದರು.

"ಅವನ ಕೈ ಖಾಲಿ ಇಲ್ಲಾಂದ್ರೆ ನಿನ್ನ ಕೈ ಐತಲ್ಲ," ಎಂದಳು ಅತ್ತೆ. ಅದನ್ನು ಕಣ್ಣಾರೆ ನೋಡಲು ತಾನೂ ಬರುತ್ತೇನೆಂದು ಸೀರೆ ಬದಲಿಸಲು ಒಳಗೆ ಹೋದಳು.

ಅವರಿಬ್ಬರು ಬಸ್ಸಿನಲ್ಲಿ, ನಾವು ಸ್ಕೂಟರಿನಲ್ಲಿ ಹರಿಹರ ಮುಟ್ಟಿದಾಗ ಶಾಲೆಯ ಮೈದಾನದಲ್ಲಿ ಆಗಲೇ ಮೈಕು ಹಲೋ ಹಲೋ ಎನ್ನುತ್ತಿತ್ತು. ಇವರು ವೇದಿಕೆಯ ಹಿಂದೆ ಕುಕ್ಕುರುಗಾಲಲ್ಲಿ ಕೂತು ಡಬ್ಬಿಯ ಹೊಟ್ಟೆಯನ್ನು ಮತ್ತೆ ತುಂಬಿಸಿದರು. ಒಳಗೆಲ್ಲ ಏಲಕ್ಕಿಯ ಘಮ. ಮೂಲೆಯಲ್ಲಿ ಅಂಟಿದ್ದ ಕೊಬ್ಬರಿ ಚೂರನ್ನು ಇವರು ಇಕ್ಕಳದಿಂದ ಎತ್ತಿ ಬಾಯಿಗೆ ಹಾಕಿಕೊಂಡರು. ತಿಪ್ಪಮ್ಮ ಒಂದೊಂದೇ ನಟ್ಟು ಕೊಡುತ್ತ, ಇನ್ನು ಮೇಲೆ ಏನಾದರೂ ಮಾಡುವುದಿದ್ದರೆ ಹೆಸರಿಲ್ಲದ ಡಬ್ಬಿ ತಗೊಳ್ಳಿ ಎಂದು ಬುದ್ಧಿ ಹೇಳಿದಳು. ಆಮೇಲೆ ಇವರು ಎದ್ದು, ನನ್ನಿಂದ ಆಗಲ್ಲ ಲತಾ ಎಂದರು. ನಾನು ಇವರ ಕಾಲರ್ ಸರಿಮಾಡಿ, ಬೆನ್ನಿಗೆ ಕೈಯಿಟ್ಟು ಮೆಟ್ಟಿಲು ಹತ್ತಿಸಿದೆ. ನೂಕಿದೆ ಎಂದರೂ ತಪ್ಪಿಲ್ಲ.

ಅತ್ತೆಯ ಅಪ್ಪಣೆಯಂತೆ ಡಬ್ಬಿ ಮಣೆಯ ಮೇಲೆ ಕೂತಿತು. ಪಕ್ಕದಲ್ಲಿ ಜಮಖಾನದ ಮೇಲೆ ಇವರು ತಬಲಾದವರ ಹಾಗೆ ಚಕ್ಕಂಬಕ್ಕಳ ಹಾಕಿ ಕೂತರು. ಹಾಡು ಶುರುವಾಯಿತು. ಗಿಟಾರಿನ ಸರದಿ ಬಂದಾಗ ರವಿಚಂದ್ರ ತಲೆಯಾಡಿಸಿದ. ಇವರು ಜನರನ್ನು ನೋಡುತ್ತ ಕಲ್ಲಾಗಿದ್ದರು. ಅವನು ಮತ್ತೆ ತಲೆಯಾಡಿಸಿದ, ಕೊನೆಗೆ ಮೊಣಕಾಲಿನಿಂದ ಭುಜಕ್ಕೆ ತಿವಿದ. ಇವರು ಅಂಗೈಯಿಂದ ಗುಂಡಿ ಒತ್ತಿದರು.

ಹೊಸ ಕಾಟನ್ ಬಟ್ಟೆಯನ್ನು ಒಂದೇ ಉಸಿರಿಗೆ ಉದ್ದಕ್ಕೂ ಹರಿದ ಹಾಗೆ ಸದ್ದು ಮೈದಾನದ ಮೇಲೆ ಹೋಯಿತು. ಮನೆಯಲ್ಲಿ ನಾನು ಕೇಳಿದ್ದು ಒಂದು ತಂತಿಯ ಅರಚಾಟ ಮಾತ್ರ. ಬಾರಿಸಲು ಬರುವವನ ಕೈಯಲ್ಲಿ ಅದು ಅಳುತ್ತಿತ್ತು, ಬೈಯುತ್ತಿತ್ತು, ನಗುತ್ತಿತ್ತು. ಇವರೂ ಕೇಳುತ್ತಿದ್ದದ್ದು ಇದೇ ಮೊದಲು. ಕಣ್ಣು ಮುಚ್ಚಿದರು. ಹಾಡುವವರು ಮತ್ತೆ ಶುರುಮಾಡಿದಾಗ ಗುಂಡಿ ಇನ್ನೊಮ್ಮೆ ಒತ್ತಿ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. ಗಾಯಕಿ ಕೆಂಗಣ್ಣು ಬಿಟ್ಟಳು, ರವಿಚಂದ್ರ ತಿವಿದ. ಇವರು ಈ ಲೋಕದಲ್ಲಿರಲಿಲ್ಲ. ಹಾಡು ಕೊನೆಯ ತನಕ ಹರಿದ ದನಿಯಲ್ಲೇ ಹೋಯಿತು, ಹಿಂದಿನ ಸಾಲಿನ ಹುಡುಗರು ಶಿಳ್ಳೆ ಹೊಡೆದರು.

ನಿರೂಪಕ ಕಲಾವಿದರ ಪರಿಚಯಕ್ಕೆ ಬಂದ. ಕೀಬೋರ್ಡ್, ತಬಲಾ, ಗಿಟಾರ್ ಎಲ್ಲ ಮುಗಿದು ಇವರ ಹತ್ತಿರ ಬಂದು, ಬಗ್ಗಿ, ನಿಮ್ಮ ವಾದ್ಯ ಯಾವುದು ಎಂದು ಕೇಳಿದ. ಇವರು ಡಬ್ಬಿಯನ್ನೇ ನೋಡಿದರು.

"ಡಬ್ಬಿ ಅನ್ರಿ," ಎಂದು ಅತ್ತೆ ಮೊದಲ ಸಾಲಿನಿಂದ ಮೈಕಿಲ್ಲದೆ ಹೇಳಿದ್ದು ಊರಂಚಿನ ಹೊಳೆಯ ತನಕ ಕೇಳಿರಬೇಕು.

ಡಬ್ಬಿಯಲ್ಲಿ, ಅಂಜನ್ ಕುಮಾರ್, ದಾವಣಗೆರೆ ಎಂದು ನಿರೂಪಕ ಗಂಭೀರವಾಗಿ ಘೋಷಿಸಿದ. ಚಪ್ಪಾಳೆ ಬಿತ್ತು. ಇವರು ಎದ್ದು ನಿಂತು ಜನಕ್ಕೆ ಕೈಮುಗಿದರು. ಯಾರ ಬೆನ್ನ ಹಿಂದೆಯೂ ಇರಲಿಲ್ಲ. ಕಣ್ಣು ಒದ್ದೆಯಾಗಿದ್ದದ್ದು ದೀಪದ ಬೆಳಕಿಗೆ ಎಲ್ಲರಿಗೂ ಕಾಣುತ್ತಿತ್ತು. ನನ್ನ ಪಕ್ಕದಲ್ಲಿದ್ದ ಹೆಂಗಸು, ಡಬ್ಬಿಯವರು ಯಾರು, ನಿಮಗೆ ಗೊತ್ತೇ ಎಂದು ಕೇಳಿದಳು.

"ನಮ್ಮನೇರು," ಎಂದೆ. ಮುಂದಿನ ಎರಡು ಸಾಲಿನವರು ತಿರುಗಿ ನೋಡಿದರು, ನಾನು ಅಷ್ಟು ಜೋರಾಗಿ ಹೇಳಿದ್ದೆ.